ಹೊಳೆದಂಡೆಯ ಮನೆಗೆ ಎರಡನೆಯ ಮಂಚ

ನಗೆಪಾಟಲಿನ ಸಂಗತಿಗಳು ಊರೂರು ತಿರುಗುವವರಿಗೆ ಮಾತ್ರ ಎದುರಾಗುತ್ತವೆ, ಒಂದು ಕಡೆ ಕಾಲು ಚಾಚಿ ಕೂತರೆ ನಿಂತುಹೋಗುತ್ತವೆ ಎಂದು ನಾನು ನಂಬಿದ್ದೆ. ಸುಳ್ಳು. ಕೂತವರನ್ನೂ ಅವು ವಿಳಾಸ ಹುಡುಕಿಕೊಂಡು ಬರುತ್ತವೆ. ವಿಳಾಸದಲ್ಲಿ ಜಿಲ್ಲೆಯ ಹೆಸರೇ ಬದಲಾಗಿದ್ದರೂ ಬರುತ್ತವೆ.

ಮೂವತ್ತು ವರ್ಷ ನಾನು ಹೊಲಿಗೆ ಯಂತ್ರದ ಕಂಪನಿಯೊಂದರಲ್ಲಿದ್ದೆ. ಯಂತ್ರ ಮಾರಾಟವಾದ ಊರುಗಳಿಗೆ ಹೋಗಿ ಹೆಂಗಸರಿಗೆ ಹೊಲಿಗೆ ಕಲಿಸುವುದು ನನ್ನ ಕೆಲಸ. ನಾಗಪುರ, ಕಟಕ್, ಕಾಠ್ಮಂಡು, ಕೊಲಂಬೊ, ಒಮ್ಮೆ ಹಡಗು ಹತ್ತಿ ಮೊಂಬಾಸಾ. ಎಲ್ಲ ಕಡೆಯೂ ಹೆಂಗಸರು ಮೊದಲ ದಿನ ಸೂಜಿಗೆ ಹೆದರುತ್ತಾರೆ, ಮೂರನೆಯ ದಿನ ಅತ್ತೆಯ ಮೇಲೆ ದೂರು ಹೇಳುತ್ತಾರೆ. ನಿವೃತ್ತಿಯಾದ ಮೇಲೆ ಕೊಳವಳ್ಳಿಗೆ ಬಂದೆ. ಕಬಿನಿಯ ದಂಡೆಯಲ್ಲಿ ಅಪ್ಪನ ಪಾಲಿಗೆ ಬಂದಿದ್ದ ಹೊಲದ ಮೂಲೆ. ಅಲ್ಲಿ ಕರಿಮೆಣಸು ಒಣಗಿಸುವಾಗ ಕಾವಲಿರಲೆಂದು ಕಟ್ಟಿದ್ದ ಹಲಗೆ ಮನೆ. ಒಂದು ಕೋಣೆ, ಒಂದು ಜಗುಲಿ, ಎದುರಿಗೆ ಹೊಳೆ, ಹೊಳೆಯಾಚೆ ಕರ್ನಾಟಕ. ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ನಾನೂ ಆಗಷ್ಟೇ ಮನೆಯುಳ್ಳವಳಾಗಿದ್ದೆ. ಮುಂದೇನು ಮಾಡಬೇಕೆಂದು ಇಬ್ಬರಿಗೂ ತಿಳಿದಿರಲಿಲ್ಲ.

ಎಂಟು ತಿಂಗಳು ಕಳೆಯಿತು. ಮೈಸೂರಿನಿಂದ ಒಂದು ಕಾಗದ ಬಂತು. ಬರೆದವಳು ನನ್ನ ಹಳೆಯ ಹಾಸ್ಟೆಲ್ ಗೆಳತಿ, ದೂರದೂರಿನ ಫೋನು ಜೋಡಿಸಿಕೊಡುವ ಟ್ರಂಕ್ ಕಾಲ್ ಆಪರೇಟರ್ ಆಗಿದ್ದು ಅದೇ ತಾನೇ ನಿವೃತ್ತಳಾದವಳು. ನನ್ನ ಹಾಗೆಯೇ ಮದುವೆಯಾಗದವಳು. "ಬಾಡಿಗೆ ಕೋಣೆಯ ಯಜಮಾನರು ಮನೆ ಕೆಡವುತ್ತಾರಂತೆ. ಇನ್ನೆಲ್ಲಾದರೂ ನೋಡಿಕೊಳ್ಳಬೇಕು" ಎಂದು ಕೊನೆಯಲ್ಲಿ ಒಂದು ಸಾಲು.

ಆ ಸಾಲನ್ನು ಎಷ್ಟು ಸಲ ಓದಿದೆನೋ. ಮಾರನೆಯ ದಿನವೇ ಬಡಗಿಯನ್ನು ಕರೆಸಿ ಎರಡನೆಯ ಮಂಚ ಮಾಡಿಸಿದೆ. "ಬಂದು ನನ್ನ ಜೊತೆ ಇರು" ಎಂದು ಬರೆದಿದ್ದರೆ ಮುಗಿದಿತ್ತು. ಐದು ಭಾಷೆಗಳಲ್ಲಿ ಲಾಡ್ಜಿನ ಮ್ಯಾನೇಜರುಗಳ ಜೊತೆ ಜಗಳವಾಡಿದ ನನಗೆ ಆ ನಾಲ್ಕು ಪದ ಕನ್ನಡದಲ್ಲಿ ಬರೆಯಲಾಗಲಿಲ್ಲ. "ಶನಿವಾರ, ಭಾನುವಾರ ಸುಮ್ಮನೆ ಬಾ" ಎಂದು ಬರೆದೆ. ಅಷ್ಟಕ್ಕೇ ನನ್ನ ಮನಸ್ಸು ಗೊತ್ತಾಗಿಬಿಟ್ಟೀತೆಂದು ಹೆದರಿ, ಅದೇ ಹಾಸ್ಟೆಲ್ಲಿನ ಇನ್ನೊಬ್ಬಳನ್ನೂ ಕರೆದೆ. ಅವಳು ಹೈಸ್ಕೂಲಿನ ಹೆಡ್‌ಮಿಸ್ ಆಗಿದ್ದವಳು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಅವರು ಹೊರಡುವುದರೊಳಗೆ ಬಾಯಿಬಿಟ್ಟು ಕೇಳಿಬಿಡಬೇಕು ಎಂದು ತೀರ್ಮಾನಿಸಿದೆ. ಎರಡು ದಿನ ಸಾಲದೆ?

ಹತ್ತಕ್ಕೆ ಏಳು

ಪಕ್ಕದ ಹೊಲದಲ್ಲಿ ಒಬ್ಬ ಅಜ್ಜಿ. ಅವಳ ಮುತ್ತಜ್ಜ ಹೆಗ್ಗಡದೇವನಕೋಟೆ ಕಡೆಯಿಂದ ಎತ್ತು ಹೊಡೆದುಕೊಂಡು ಬಂದವನಂತೆ. ಅಜ್ಜಿಯ ಕನ್ನಡಕ್ಕೆ ಮಲಯಾಳದ ಒಗ್ಗರಣೆ. ಇಷ್ಟು ವಯಸ್ಸಾದ ನನ್ನನ್ನು "ಮೋಳೆ", ಅಂದರೆ ಮಗಳೇ, ಎಂದು ಕರೆಯುವವಳು ಈ ಭೂಮಿಯ ಮೇಲೆ ಅವಳೊಬ್ಬಳೇ.

"ಯಾರು ಬರ್ತಾರೆ ಮೋಳೆ, ಮಂಚ ಎಲ್ಲ ಮಾಡಿಸಿದ್ದೀಯಲ್ಲ?"

"ಗೆಳತಿಯರು ಅಜ್ಜಿ. ಮೈಸೂರಿಂದ."

"ಅದು ಶರಿ. ಅಮ್ಮನ ಕಡೆಯವರೋ, ಅಪ್ಪನ ಕಡೆಯವರೋ?"

"ಯಾರ ಕಡೆಯೂ ಅಲ್ಲ. ಬರೀ ಗೆಳತಿಯರು."

"ಮತ್ತೆ ಎಂತಕ್ಕೆ ಬರ್ತಾರೆ?"

"ಸುಮ್ಮನೆ. ಎರಡು ದಿನ ಇದ್ದು ಹೋಗೋಕೆ."

ಅಜ್ಜಿ ಯೋಚಿಸಿದಳು. ನೆಂಟರಲ್ಲದವರು, ಕೆಲಸವಿಲ್ಲದೆ, ದೂರದಿಂದ ಬಂದು ಎರಡು ದಿನ ಇದ್ದು ಹೋಗುತ್ತಾರೆಂದರೆ ಅಂಥವರು ಯಾರಿರಬಹುದು ಎಂಬುದು ಆ ವರ್ಷ ಕೊಳವಳ್ಳಿಗೆ ಚೆನ್ನಾಗಿ ಗೊತ್ತಿತ್ತು. ಹೊಸ ಜಿಲ್ಲೆಯಾದ ಮೇಲೆ ಚೀಲ ಹಿಡಿದ ಸರ್ಕಾರಿ ಅಧಿಕಾರಿಗಳು ಯಾರಾದರೊಬ್ಬರು ಬಂದು, ನಿಂತು, ನೋಡಿ, ತಲೆಯಾಡಿಸಿ ಹೋಗುತ್ತಲೇ ಇದ್ದರು.

ಶನಿವಾರ ಗೆಳತಿಯರು ಬೈರಕುಪ್ಪೆಯಲ್ಲಿ ಬಸ್ಸಿಳಿದು, ದೋಣಿಯಲ್ಲಿ ಹೊಳೆ ದಾಟಿ ಮರಕ್ಕಡವಿಗೆ ಬಂದರು. ಅವರನ್ನು ಕರೆದುಕೊಂಡು ನಾನು ಮನೆ ಸೇರುವ ಹೊತ್ತಿಗೆ ಜಗುಲಿಯ ಮುಂದೆ ಹದಿನೈದು ಜನ. ಎಲ್ಲರ ಕೈಯಲ್ಲೂ ಮಡಿಸಿದ ಕಾಗದ. ಹೆಡ್‌ಮಿಸ್ಸಿನ ದಪ್ಪ ಕನ್ನಡಕ, ಕರಿ ಕೊಡೆ, ಗತ್ತು ನೋಡಿ ಎಲ್ಲರೂ ಎದ್ದು ನಿಂತರು. ಮೊದಲನೆಯವನು ಎರಡೂ ಕೈಯಲ್ಲಿ ಅರ್ಜಿ ಚಾಚಿದ.

ಮೂವತ್ತೆರಡು ವರ್ಷ ಯಾರು ಕಾಗದ ಚಾಚಿದರೂ ತೆಗೆದುಕೊಂಡ ಕೈ ಅದು. ತೆಗೆದುಕೊಂಡಿತು. ಇನ್ನೊಂದು ಕೈ ಚೀಲಕ್ಕೆ ಹೋಗಿ ಕೆಂಪು ಪೆನ್ನು ತಂದಿತು. ಅರ್ಜಿಗಳೆಲ್ಲ ಮಲಯಾಳದಲ್ಲಿದ್ದವು, ಅವಳಿಗೆ ಒಂದಕ್ಷರ ಬಾರದು. ಅದು ಅವಳನ್ನು ತಡೆಯಲಿಲ್ಲ.

"ಅಕ್ಷರ ದುಂಡಗಿದೆ. ಅಂಚು ಬಿಟ್ಟಿದ್ದೀರಿ, ಒಳ್ಳೇದು. ಹತ್ತಕ್ಕೆ ಏಳು. ಮುಂದಿನವರು ಬನ್ನಿ."

ನಾನು ತಡೆಯಲು ಹೋದೆ. ಆಪರೇಟರ್ ನನ್ನ ಸೆರಗು ಹಿಡಿದು ಒಳಗೆ ಎಳೆದಳು. "ಬಿಡೇ. ರಿಟೈರ್ ಆದ ಮೇಲೆ ಇವತ್ತೇ ಅವಳು ಇಷ್ಟು ಖುಷಿಯಾಗಿರೋದು."

ನಾವಿಬ್ಬರೇ ಒಳಗೆ ನಿಂತಿದ್ದೆವು. ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಬೇಕೆ? "ನೋಡು, ನಾನು ಒಂದು ಮಾತು…" ಎಂದೆ. ಅಷ್ಟರಲ್ಲಿ ಹೊರಗೆ ಗಲಾಟೆ.

"ಅವನ ರಸ್ತೆಗೆ ಏಳು, ನನ್ನ ಬಾವಿಗೆ ನಾಲ್ಕಾ? ಇದು ಎಂಥ ನ್ಯಾಯ ಮೇಡಂ?"

"ನ್ಯಾಯವೇ. ಎಲ್ಲ ಸಾಲೂ ಏಣಿ ಹತ್ತಿದ ಹಾಗೆ ಮೇಲಕ್ಕೆ ಹೋಗಿವೆ. ನೀಟಾಗಿ ಬರ್ಕೊಂಡು ನಾಳೆ ಬನ್ನಿ."

ಅವನು ಭಾನುವಾರ ಬೆಳಿಗ್ಗೆ ಆರಕ್ಕೇ ಬಂದ. ಎಂಟು ಸಿಕ್ಕಿತು. ಆ ಅರ್ಜಿಗೆ ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದಾನೆ. ಕಲೆಕ್ಟರಿಗೆ ಕಳಿಸಲು ಮನಸ್ಸು ಬಂದಿಲ್ಲ.

ಬಾಗಿಲ ಹೊರಗಿನ ಲೋಟ

ಮಧ್ಯಾಹ್ನ ಗೆಳತಿಯರು ಬಟ್ಟೆ ಎಲ್ಲಿಡಲಿ ಎಂದು ಕೇಳಿದರು. ಎಲ್ಲಿಡಬಹುದು ಎಂದು ನಾನೂ ಸುತ್ತ ನೋಡಿದೆ. ಎಂಟು ತಿಂಗಳಿಂದ ನನ್ನ ಸೀರೆಗಳು ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ, ಸೋಪು ಮುಚ್ಚಳದ ಡಬ್ಬಿಯಲ್ಲಿ, ಹಲ್ಲುಜ್ಜುವ ಬ್ರಷ್ಷು ಕೈಚೀಲದ ಪಕ್ಕದ ಜೇಬಿನಲ್ಲಿ. ಗೋಡೆಗೆ ಒಂದು ಮೊಳೆಯೂ ಇಲ್ಲ.

"ಮನೆಗೆ ಬಂದಿದ್ದೀಯೋ, ರೈಲಿಗೆ ಕಾಯ್ತಾ ಇದ್ದೀಯೋ?" ಎಂದಳು ಹೆಡ್‌ಮಿಸ್.

ನಾನು ಚಹಾ ಮಾಡಿದೆ. ಕುಡಿದಾದ ಮೇಲೆ ಮೂರು ಲೋಟಗಳನ್ನೂ ಬಾಗಿಲ ಹೊರಗೆ ಗೋಡೆಗೆ ಒತ್ತಿ ಇಟ್ಟು ಬಂದೆ. ಆಪರೇಟರ್ ನೋಡುತ್ತಿದ್ದಳು.

"ಅಲ್ಯಾಕೆ ಇಟ್ಟೆ?"

"ತೊಳೆಯೋಕೆ."

"ಯಾರು ತೊಳೆಯೋಕೆ?"

ಎಂಟು ತಿಂಗಳಲ್ಲಿ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಮೂವತ್ತು ವರ್ಷ ಲಾಡ್ಜುಗಳಲ್ಲಿ ಕುಡಿದ ಲೋಟವನ್ನು ಬಾಗಿಲ ಹೊರಗಿಟ್ಟಿದ್ದೇನೆ, ಯಾರೋ ಒಯ್ದಿದ್ದಾರೆ. ಇಲ್ಲಿಯೂ ಬೆಳಿಗ್ಗೆ ಇಡುತ್ತಿದ್ದೆ. ಹತ್ತು ಗಂಟೆಗೆ ನೋಡಿದರೆ ಫಳಫಳ ಹೊಳೆಯುತ್ತ ಬೋರಲು ಕೂತಿರುತ್ತಿತ್ತು. ಲೋಟ ತನ್ನಷ್ಟಕ್ಕೆ ತೊಳೆದುಕೊಳ್ಳುವುದಿಲ್ಲ ಎಂದು ಯೋಚಿಸಲು ಇನ್ನೊಬ್ಬಳು ಮನೆಗೆ ಬರಬೇಕಾಯಿತು.

ಮೂವರೂ ಕಿಟಕಿಯಲ್ಲಿ ನಿಂತು ಕಾದೆವು. ಸ್ವಲ್ಪ ಹೊತ್ತಿಗೆ ಪಕ್ಕದ ಅಜ್ಜಿ ತನ್ನ ಪಾತ್ರೆಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಳೆಗೆ ಹೊರಟವಳು, ನಮ್ಮ ಬಾಗಿಲಲ್ಲಿ ಬಗ್ಗಿ ಮೂರೂ ಲೋಟ ಎತ್ತಿ ಬುಟ್ಟಿಗೆ ಹಾಕಿಕೊಂಡಳು.

ನಾನು ಓಡಿ ಕಾಲು ಹಿಡಿಯುವುದೊಂದು ಬಾಕಿ. "ಅಯ್ಯೋ ಅಜ್ಜಿ, ಇಷ್ಟು ದಿನ ನೀವೇನಾ? ಒಂದು ಮಾತು ಬೈಯಬಾರದಾ?"

"ಎಂತಕ್ಕೆ ಬೈಯೋದು ಮೋಳೆ? ನಿಂಗೆ ಏನೋ ಹರಕೆ ಇರಬೇಕು ಅಂದ್ಕೊಂಡೆ. ಯಾವ ದೇವರದ್ದು ಅಂತ ಕೇಳೋಕೆ ಹೆದರಿಕೆ. ಕೇಳಿದ್ರೆ ನಂಗೂ ಒಂದು ಹೇಳಿಬಿಡ್ತೀಯಾ ಅಂತ."

ಮೂರು ಜಾಸ್ತಿ

ಇಳಿಹೊತ್ತಿನಲ್ಲಿ ಮೂವರೂ ಹೊಳೆಗಿಳಿದೆವು. ಬಂಡೆಗಳ ನಡುವೆ ಸೊಂಟದ ಮಟ್ಟದ ನೀರು. ಕೂತರೆ ಕತ್ತಿನವರೆಗೆ. ದಿನವಿಡೀ ಬಿಸಿಲು ಕುಡಿದ ನೀರು ಮೇಲೆ ಬೆಚ್ಚಗೆ, ಕಾಲಿನ ಬಳಿ ತಣ್ಣಗೆ. ಆಚೆ ದಡದ ಕಾಡಿನಲ್ಲಿ ನವಿಲೊಂದು ಕೂಗಿ ಸುಮ್ಮನಾಯಿತು. ಸಮುದ್ರ ಕಂಡಿದ್ದೇನೆ, ಹಿಮಾಲಯದ ಬುಡದ ಹೊಳೆಗಳನ್ನೂ ಕಂಡಿದ್ದೇನೆ. ಎಲ್ಲ ಕಡೆಯೂ ದಂಡೆಯಲ್ಲಿ ಬಟ್ಟೆ ಕಾಯುವವರಿಲ್ಲದೆ ಬೇಗ ಎದ್ದು ಬಂದಿದ್ದೇನೆ. ಆವತ್ತು ಏಳಬೇಕೆನಿಸಲಿಲ್ಲ.

ಎಷ್ಟು ಹೊತ್ತು ಕೂತಿದ್ದೆವೋ, ಹಿಂದಿನಿಂದ ಉಸಿರು ಬಿಟ್ಟ ಸದ್ದು. ತಿರುಗಿದರೆ ಅಜ್ಜಿಯ ಎಮ್ಮೆಗಳು. ಒಂದೊಂದಾಗಿ ನೀರಿಗಿಳಿದು, ನಮ್ಮ ಸುತ್ತಲೇ ಕೂತು, ನಮ್ಮ ಹಾಗೆಯೇ ಕತ್ತು ಮಾತ್ರ ಹೊರಗಿಟ್ಟು ಕಣ್ಣು ಮುಚ್ಚಿಕೊಂಡವು.

"ಯಾರೂ ಅಲುಗಾಡಬೇಡಿ" ಎಂದು ಹೆಡ್‌ಮಿಸ್ ಪಿಸುಗುಟ್ಟಿದಳು. "ನಾವು ಹೊಸಬರು ಅಂತ ಅವಕ್ಕೆ ತಿಳೀಬಾರದು."

ಹೊತ್ತು ಮುಳುಗಿ ಮಬ್ಬಾಯಿತು. ಅಜ್ಜಿ ದಂಡೆಯ ಮೇಲೆ ಬಂದು ನಿಂತಳು. ಕಣ್ಣು ಸರಿಯಾಗಿ ಕಾಣದವಳು, ಕೋಲು ಚಾಚಿ ನೀರಿನ ಮೇಲಿನ ತಲೆಗಳನ್ನು ಎಣಿಸತೊಡಗಿದಳು. ಮೊದಲ ಸಲ ಎಣಿಸಿ ನಿಲ್ಲಿಸಿದಳು. ಇನ್ನೊಂದು ಸಲ ಎಣಿಸಿದಳು. ಆಮೇಲೆ ಮನೆಯ ಕಡೆ ತಿರುಗಿ ಮಗನಿಗೆ ಕೂಗಿದಳು:

"ಲೋ, ಯಾರದ್ದೋ ಮೂರು ನಮ್ಮದ್ರ ಜೊತೆ ಸೇರ್ಕೊಂಡಿವೆ ಕಣೋ! ಹಗ್ಗ ತಗೊಂಡು ಬಾ!"

ಬಾಳೆಗೊನೆ

ಆ ಸಂಜೆ ಜಗುಲಿಯ ಮುಂದೆ ಬೆಂಕಿ ಹಾಕಿ ಮರಗೆಣಸು ಬೇಯಿಸಿದೆವು. ಕಾಂತಾರಿ ಮೆಣಸಿನ ಚಟ್ನಿ, ಬೆಲ್ಲ ಹಾಕಿದ ಕಪ್ಪು ಚಹಾ. ಮೂರು ತಲೆಗಳ ವಿಷಯಕ್ಕೆ ನಾಚಿಕೊಂಡ ಅಜ್ಜಿ ಒಂದು ಗಿಂಡಿ ಮೊಸರು ತಂದು ಅಲ್ಲೇ ಕೂತಳು.

ಆಪರೇಟರ್ ನಡುವೆ. ಅವಳ ಎಡಗಿವಿಗೆ ಹೆಡ್‌ಮಿಸ್ ಶಾಲೆಯ ಕಥೆ ಹೇಳುತ್ತಿದ್ದಳು, ಬಲಗಿವಿಗೆ ಅಜ್ಜಿ ಏನೋ ಮೆಲ್ಲಗೆ ಹೇಳುತ್ತಿದ್ದಳು. ಆಪರೇಟರ್ ಇಬ್ಬರಿಗೂ ಸರಿಯಾಗಿ "ಹೂಂ", "ಹೌದಾ", "ಅದೂ ಸರಿಯೇ" ಎನ್ನುತ್ತಿದ್ದಳು. ನಾನು ಎದುರಿಗೆ ಕೂತು, ಈ ಇಬ್ಬರೂ ಎದ್ದು ಹೋದರೆ ಕೇಳಿಬಿಡೋಣ ಎಂದು ಕಾಯುತ್ತಿದ್ದೆ. ಅವರು ಏಳಲಿಲ್ಲ. ಕೊನೆಗೆ ನನಗೇ ತೂಕಡಿಕೆ ಬಂತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಡವಿನ ದೋಣಿಯವನು ಬಂದ. ಅಜ್ಜಿಯ ತಮ್ಮ, ಹೆಂಡತಿ ತೀರಿಹೋದವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಹೆಗಲ ಮೇಲೆ ಬಾಳೆಗೊನೆ. ಹಿಂದೆ ಅಜ್ಜಿ. ಗೊನೆ ಇಳಿಸಿ, ಆಪರೇಟರಿನ ಎದುರಿಗೆ ಕೂತು, ನೆಲ ನೋಡತೊಡಗಿದ.

"ಏನಿದು ಅಜ್ಜಿ?"

"ನೋಡೋಕೆ ಬಂದಿದ್ದಾನೆ. ನಿನ್ನೆ ಕೇಳಿದೆನಲ್ಲ, ಒಬ್ಬಳೇ ಎಷ್ಟು ದಿನ ಅಂತ ಇರ್ತೀಯಾ, ನಂಗೆ ಒಬ್ಬ ತಮ್ಮ ಇದ್ದಾನೆ ಅಂತ. ಇವರು ಅದೂ ಸರಿಯೇ ಅಂದ್ರು."

ಹೆಡ್‌ಮಿಸ್ ಕೆಮ್ಮುವವಳ ಹಾಗೆ ಒಳಗೆ ಓಡಿದಳು. ನನಗೆ ಮಾತ್ರ ನಗು ಬರಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ನಾನು ದೋಣಿಯವನ ಪರವಾಗಿದ್ದೆ. ಇವಳು ಇಲ್ಲೇ ಉಳಿಯುವುದಾದರೆ ಹೇಗಾದರೇನು! ಇವನ ಮನೆ ನನ್ನ ಮನೆಯಿಂದ ಕೂಗಳತೆ ದೂರ.

ಆಪರೇಟರ್ ಬೆವರು ಒರೆಸಿಕೊಂಡು, ಬಹಳ ಮರ್ಯಾದೆಯಿಂದ, ಈ ವಯಸ್ಸಿನಲ್ಲಿ ತನಗೆ ಮದುವೆಯ ಯೋಚನೆ ಇಲ್ಲವೆಂದಳು. ದೋಣಿಯವನ ಮುಖ ಅರಳಿತು. ಅವಳನ್ನು ಚೇಚಿ, ಅಂದರೆ ಅಕ್ಕಾ, ಎಂದೇ ಕರೆದ.

"ದೊಡ್ಡ ಉಪಕಾರ ಆಯ್ತು ಚೇಚಿ. ನಂಗೂ ಇಲ್ಲ. ಅಕ್ಕ ಬಿಡಲ್ಲ. ನೀವಾದ್ರೆ ಬಾಯಿಬಿಟ್ಟು ಹೇಳಿದ್ರಿ. ಹೋದ ಸಲ ತೋರಿಸಿದ್ದು ಈ ಮೆಷಿನ್ ಟೀಚರನ್ನ" ಎಂದು ನನ್ನ ಕಡೆ ತೋರಿಸಿದ. "ನಾನು ಹೀಗೇ ಗೊನೆ ತಂದು ಕೂತೆ. ಇವರು ಗೊನೆ ಎತ್ತಿ ಭಾರ ನೋಡಿದ್ರು. ಕೈಗೆ ಕಾಸು ಕೊಟ್ರು. ಮುಂದಿನ ವಾರವೂ ತನ್ನಿ ಅಂದ್ರು. ಇದು ಒಪ್ಪಿಗೆನೋ ಅಲ್ವೋ ಅಂತ ನಾಲ್ಕು ತಿಂಗಳಿಂದ ನಾನು ಯೋಚನೆ ಮಾಡ್ತಾ ಇದ್ದೀನಿ."

ಕಡವಿನಲ್ಲಿ

ಎರಡು ಗಂಟೆಗೆ ಮರಕ್ಕಡವಿಗೆ ನಡೆದೆವು. ಮೂರಕ್ಕೆ ಆಚೆ ದಡದಲ್ಲಿ ಮೈಸೂರಿನ ಬಸ್ಸು. ಹೆಡ್‌ಮಿಸ್ ಮುಂದಾಗಿ ಹೋಗಿ ದೋಣಿಯಲ್ಲಿ ಕೂತು, ಹುಟ್ಟು ಹಿಡಿಯುವ ಸರಿಯಾದ ಕ್ರಮವನ್ನು ದೋಣಿಯವನಿಗೆ ಹೇಳಿಕೊಡತೊಡಗಿದಳು. ನಾನೂ ಆಪರೇಟರೂ ದಂಡೆಯ ಮೆಟ್ಟಿಲ ಮೇಲೆ. ಇದೇ ಕೊನೆಯ ಅವಕಾಶ.

ಶುರು ಮಾಡಿದೆ. ಮನೆಯ ಮಾಡು ಎಷ್ಟು ಮಳೆ ಬಂದರೂ ಸೋರುವುದಿಲ್ಲ ಎಂದೆ. ಪುಲ್ಪಳ್ಳಿಗೆ ದಿನಕ್ಕೆ ಎರಡು ಬಸ್ಸಿದೆ, ಅಂಚೆಯವನು ಒಳ್ಳೆಯವನು, ಜಿಲ್ಲೆಯ ಹೆಸರು ತಪ್ಪಾಗಿ ಬರೆದರೂ ತಂದುಕೊಡುತ್ತಾನೆ ಎಂದೆ. ಚಳಿಗಾಲಕ್ಕೆ ಎರಡು ರಜಾಯಿ ಹೊಲಿದಿಟ್ಟಿದ್ದೇನೆ, ಒಬ್ಬಳಿಗೆ ಎರಡು ಯಾಕೆ, ಸುಮ್ಮನೆ ಹೊಲಿದೆ ಎಂದೆ. ಬಾವಿಯ ನೀರು ಸಿಹಿ. ಅಜ್ಜಿ ಒಳ್ಳೆಯವಳು, ಮದುವೆಯ ವಿಷಯ ಒಂದು ಬಿಟ್ಟರೆ. ಮೈಸೂರಿನಲ್ಲಿ ಈಗ ಕೋಣೆ ಸಿಗುವುದು ಕಷ್ಟವಂತಲ್ಲ, ಬಾಡಿಗೆಯೂ ಜಾಸ್ತಿಯಂತಲ್ಲ ಎಂದೆ. ಒಬ್ಬಳೇ ಇದ್ದರೆ ಅನ್ನ ಯಾವಾಗಲೂ ಹೆಚ್ಚಾಗಿಬಿಡುತ್ತದೆ, ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಹೆಚ್ಚಾಗುತ್ತದೆ, ಅದು ಹೇಗೋ ಗೊತ್ತಿಲ್ಲ ಎಂದೆ. ಕೇಳಬೇಕಾದ್ದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ.

ಅವಳು ತಲೆಯನ್ನು ಸ್ವಲ್ಪ ಓರೆ ಮಾಡಿ, ಕಣ್ಣು ನೀರಿನ ಮೇಲಿಟ್ಟು ಕೇಳಿದಳು. ಇಡೀ ಲೋಕದ ದುಃಖಸುಖಗಳನ್ನು ಹೀಗೆಯೇ ಕೇಳಿಸಿಕೊಂಡಿದ್ದಳೇನೋ. ನನಗೆ ಮಾತು ಸಾಕಾಗಿ ಉಸಿರು ತೆಗೆದುಕೊಂಡೆ. ಆಗ ಅವಳು, ತಮಾಷೆಗೋ ಅಭ್ಯಾಸಕ್ಕೋ, ಅಥವಾ ಮುಂದಿನ ಮಾತನ್ನು ಹೇಳು ಎನ್ನುವುದಕ್ಕೋ, ತನ್ನ ಹಳೆಯ ಆಫೀಸಿನ ತೆಳು ದನಿಯಲ್ಲಿ ಕೇಳಿದಳು:

"ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?"

ಯಾವ್ಯಾವುದೋ ಊರಿನ ಅಂಚೆ ಕಚೇರಿಗಳ ಉಸಿರುಗಟ್ಟುವ ಗೂಡುಗಳಲ್ಲಿ ನಿಂತು, ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದಾಗಲೆಲ್ಲ ಮೂವತ್ತು ವರ್ಷ ನಾನು ಕೇಳಿಸಿಕೊಂಡ ಪ್ರಶ್ನೆ ಅದು. ಒಮ್ಮೆಯೂ ನಾನು ಮುಂದುವರಿಸಿದವಳಲ್ಲ. ಮೂರು ನಿಮಿಷ ಮೀರುವಷ್ಟು ಹೇಳುವುದಕ್ಕೆ ನನಗೆ ಯಾರಿದ್ದರು? ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಮನಸ್ಸನ್ನು ಕೇಳದೆ ಬಾಯಿ ಉತ್ತರ ಕೊಟ್ಟುಬಿಟ್ಟಿತು.

"ಬೇಡ. ಸಾಕು."

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. "ಸರಿ" ಎಂದಳು. ಚೀಲ ಎತ್ತಿಕೊಂಡು ಹೋಗಿ ದೋಣಿಯಲ್ಲಿ ಕೂತಳು. ದೋಣಿ ದಡ ಬಿಟ್ಟಿತು.

ನಾನು ಏನೆಂದೆ ಎಂಬುದು ನನಗೆ ತಿಳಿಯುವ ಹೊತ್ತಿಗೆ ದೋಣಿ ಅರ್ಧ ಹೊಳೆ ದಾಟಿತ್ತು. ನೀರಿನ ಮೇಲೆ ದನಿ ಎಷ್ಟು ದೂರ ಬೇಕಾದರೂ ಬರುತ್ತದೆ. ಹೆಡ್‌ಮಿಸ್ ಕೇಳುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಅಷ್ಟು ಹೊತ್ತು ಏನೇ ಹೇಳಿದ್ಲು ಅವಳು?"

ಆಪರೇಟರ್ ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡಳು.

"ಲೈನಿನಲ್ಲಿ ಪಾರ್ಟಿ ಮಾತಾಡಿದ್ದನ್ನ ಹೊರಗೆ ಹೇಳೋ ಹಾಗಿಲ್ಲ ಕಣೇ."